ನಿಸರ್ಗದೃಶ್ಯಗಳಿಗೆ ಟೆಲಿ ಜೂಮ್ ಲೆನ್ಸ್: ಆಯ್ಕೆ ಹೇಗೆ?

ಬೆಟ್ಟ, ಕಣಿವೆ, ಕಡಲತೀರಗಳ ಚಿತ್ರ ತೆಗೆಯಲು ಅಗಲ ನೋಟದ ಲೆನ್ಸೇ ಬೇಕೆಂಬ ನಂಬಿಕೆ ನಮ್ಮ ಹವ್ಯಾಸಿ ಛಾಯಾಗ್ರಾಹಕರಲ್ಲಿ ಬಲವಾಗಿದೆ. ಆದರೆ ಮಾಥೇರಾನಿನ ಪನೋರಮಾ ಪಾಯಿಂಟಿನಲ್ಲಿ ನಿಂತು 24 ಮಿ.ಮೀ. ಲೆನ್ಸಿನಿಂದ ಸಹ್ಯಾದ್ರಿಯನ್ನು ಸೆರೆಹಿಡಿದವರಿಗೆ ಒಂದು ನಿರಾಶೆ ಪರಿಚಿತವೇ. ಕಣ್ಣಿಗೆ ಭವ್ಯವಾಗಿ ಕಂಡ ಪರ್ವತಶ್ರೇಣಿ ಚಿತ್ರದಲ್ಲಿ ತೆಳುವಾದೊಂದು ಗೆರೆಯಾಗಿಬಿಡುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಸುಮಾರು 84 ಡಿಗ್ರಿಗಳ ನೋಟವನ್ನು ತುಂಬಿಕೊಂಡರೆ, 200 ಮಿ.ಮೀ. ಲೆನ್ಸ್ ಕೇವಲ 12 ಡಿಗ್ರಿಗಳಷ್ಟನ್ನು ಆಯ್ದುಕೊಳ್ಳುತ್ತದೆ. ಒಂದರ ಹಿಂದೊಂದು ಮಸುಕಾಗುತ್ತ ಸಾಗುವ ಬೆಟ್ಟದ ಸಾಲುಗಳು ಆಗಲೇ ಚಿತ್ರವನ್ನು ತುಂಬುವುದು.

ಹಾಗಾದರೆ ಯಾವ ಲೆನ್ಸ್? ನಿಸರ್ಗದೃಶ್ಯಗಳ ಮಟ್ಟಿಗೆ 70-200 ಮಿ.ಮೀ. ವ್ಯಾಪ್ತಿ ಬಹುಪಾಲು ಸಾಕು. ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಇದರ ನೋಟ ಸುಮಾರು 300 ಮಿ.ಮೀ.ಗೆ ಸಮನಾಗುತ್ತದೆ. ತೇಜಸ್ವಿಯವರಂತೆ ಹಕ್ಕಿಗಳ ಬೆನ್ನು ಹತ್ತುವವರ ಅಗತ್ಯವೇ ಬೇರೆ, 400 ಮಿ.ಮೀ. ಮತ್ತು ಅದಕ್ಕೂ ಮೀರಿದ ಲೆನ್ಸುಗಳು ಅವರಿಗಿರಲಿ. ದೂರದ ಬೆಟ್ಟಕ್ಕೆ ಅಷ್ಟು ಉದ್ದದ ಲೆನ್ಸ್ ಹಿಡಿದರೆ ನಡುಹಗಲಿನ ಬಿಸಿಗಾಳಿಯ ಅಲುಗಾಟ, ಧೂಳು, ಮಬ್ಬುಗಳೂ ದೊಡ್ಡದಾಗಿಯೇ ಕಾಣುತ್ತವೆ.

ಹಣ ಪೋಲಾಗುವುದು ಮುಖ್ಯವಾಗಿ ಎಫ್/2.8 ಮತ್ತು ಎಫ್/4ರ ನಡುವಿನ ಆಯ್ಕೆಯಲ್ಲಿ. ಎಫ್/2.8 ಎರಡು ಪಟ್ಟು ಬೆಳಕನ್ನು ಒಳಬಿಡುತ್ತದೆ, ನಿಜ. ಸಂಘದ ಸಭಾಗೃಹದಲ್ಲಿ ಯಕ್ಷಗಾನದ ಚಿತ್ರ ತೆಗೆಯುವವರಿಗೆ ಅದು ವರದಾನ. ಬೆಟ್ಟವಾದರೋ ಕುಣಿಯುವುದಿಲ್ಲ. ಅಲ್ಲಿ ನಾವು ಸಾಮಾನ್ಯವಾಗಿ ಎಫ್/8 ಅಥವಾ ಎಫ್/11ರಲ್ಲೇ ಚಿತ್ರ ತೆಗೆಯುತ್ತೇವೆ. 200 ಮಿ.ಮೀ., ಎಫ್/11ರಲ್ಲಿ ಸುಮಾರು 120 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 60 ಮೀಟರಿನಿಂದ ದಿಗಂತದವರೆಗೂ ಸ್ಪಷ್ಟತೆ ದೊರೆಯುತ್ತದೆ. ಅದೇ ಎಫ್/2.8ರಲ್ಲಿ ಈ ಸ್ಪಷ್ಟತೆ ಆರಂಭವಾಗುವುದು ಸುಮಾರು 240 ಮೀಟರಿನಿಂದ. ಬೆಟ್ಟದ ಚಿತ್ರಕ್ಕೆ ಬಳಸದೇ ಇರುವ ಅಪರ್ಚರಿಗೆ ಬೆಲೆ ತೆರುವುದೇಕೆ?

ತೂಕದ ವಿಚಾರವೂ ಕಡೆಗಣಿಸುವಂಥದಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಿಗಾಗಿ 2010ರಲ್ಲಿ ಬಂದ 70-200 ಎಫ್/2.8ರ ತೂಕ 1,490 ಗ್ರಾಂ. 2006ರ ಎಫ್/4 ಐಎಸ್ ಲೆನ್ಸಿನದು 760 ಗ್ರಾಂ. ಮಾಥೇರಾನಿನಲ್ಲಿ ದಸ್ತುರಿ ನಾಕಾದ ಆಚೆ ಸ್ವಂತ ವಾಹನಕ್ಕೆ ಪ್ರವೇಶವಿಲ್ಲ. ನೀರು, ತಿಂಡಿಗಳ ಚೀಲದೊಡನೆ ಕೆಂಪುಮಣ್ಣಿನ ಏರುದಾರಿ ತುಳಿಯುವವರಿಗೆ ಈ ಮುಕ್ಕಾಲು ಕಿಲೋ ವ್ಯತ್ಯಾಸ ಬೇಗನೆ ಅರಿವಾಗುತ್ತದೆ. ಭಾರವೆಂದು ಮನೆಯ ಕಪಾಟಿನಲ್ಲೇ ಉಳಿದ ಲೆನ್ಸ್ ಎಷ್ಟು ಉತ್ಕೃಷ್ಟವಾಗಿದ್ದರೇನು?

ಉಳಿದ ಹಣದಲ್ಲಿ ಗಟ್ಟಿಮುಟ್ಟಾದ ಟ್ರೈಪಾಡ್ ಕೊಳ್ಳಿರಿ. ಟ್ರೈಪಾಡಿನ ಮೇಲೆ ಹಳೆಯ ಲೆನ್ಸಿನ ಕಂಪನ ನಿವಾರಕವನ್ನು ನಿಲ್ಲಿಸುವುದು ಒಳ್ಳೆಯದು. ಗಾಳಿ ಜೋರಾಗಿದ್ದರೆ ಲೆನ್ಸ್ ಹುಡ್ಡನ್ನೂ ತೆಗೆದಿಡಿ, ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ. ಮಾಸಿಕ ಕಂತಿನಲ್ಲಿ ದೊರೆಯುತ್ತದೆಂಬ ಒಂದೇ ಕಾರಣಕ್ಕೆ ದುಬಾರಿ ಲೆನ್ಸಿಗೆ ಮನಸೋಲಬೇಡಿ (ಇದು ಬ್ಯಾಂಕಿನವನ ಮಾತು!).

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಕುದುರೆಮುಖದ ಹುಲ್ಲುಗಾವಲು, ಶೋಲಾ ಕಾಡುಗಳ ಮಡಿಕೆಗಳನ್ನು ಸೆರೆಹಿಡಿಯುವ ಆಸೆ ಸಹಜ. ಮೇ ತಿಂಗಳ ಮಬ್ಬಿನಲ್ಲಿ ಯಾವ ಲೆನ್ಸೂ ಪವಾಡ ಮಾಡಲಾರದು. ಮಳೆ ತೊಳೆದುಹೋದ ನಂತರದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ, ಸೂರ್ಯ ಓರೆಯಾಗಿರುವ ಮುಂಜಾನೆ ಅಥವಾ ಸಂಜೆ, ಪ್ರತಿಯೊಂದು ಮಡಿಕೆಯೂ ತನ್ನದೇ ನೆರಳಿನೊಡನೆ ಎದ್ದುಕಾಣುತ್ತದೆ.

ಬಳಸಿದ ಲೆನ್ಸ್ ಕೊಳ್ಳುವುದರಲ್ಲಿ ಸಂಕೋಚಪಡಬೇಕಿಲ್ಲ. ಆದರೆ ಮುಂಬಯಿಯ ತೇವದ ಹವೆಯಲ್ಲಿ ಗಾಜಿಗೆ ಬೂಷ್ಟು ಹಿಡಿಯುವುದುಂಟು. ಕೊಳ್ಳುವ ಮುನ್ನ ಅಪರ್ಚರನ್ನು ಪೂರ್ತಿ ತೆರೆದು, ಒಂದು ತುದಿಯಿಂದ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ನೋಡಿರಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನಿ. ಮನೆಗೆ ತಂದ ಲೆನ್ಸನ್ನು ಚರ್ಮದ ಚೀಲದಲ್ಲಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಆ ಹರಳುಗಳನ್ನು ಆಗಾಗ ಬದಲಿಸುತ್ತಿರಬೇಕು.