ರಕ್ತದ ಕ್ಯಾನ್ಸರ್: ಒಂದಲ್ಲ, ಹಲವು

ಲ್ಯುಕೇಮಿಯಾ ಹುಟ್ಟುವುದು ರಕ್ತನಾಳದಲ್ಲಲ್ಲ, ರಕ್ತ ತಯಾರಾಗುವ ಮೂಳೆಮಜ್ಜೆಯಲ್ಲಿ. ಅಲ್ಲಿನ ಒಂದು ಜೀವಕೋಶದ ವಂಶವಾಹಿ ಕೆಟ್ಟು, ಅದರ ಸಂತತಿ ಲಗಾಮಿಲ್ಲದೆ ಹೆಚ್ಚುತ್ತದೆ. ರೋಗ ತೀವ್ರ ಬಗೆಯದಾದರೆ ಆ ಕೋಶಗಳು ಬಲಿಯುವುದೂ ಇಲ್ಲ, ಮಜ್ಜೆಯಲ್ಲಿ ಉಳಿದವಕ್ಕೆ ಜಾಗ ಬಿಡುವುದೂ ಇಲ್ಲ. ಕೆಂಪು ಕಣ ಇಳಿದು ಸುಸ್ತಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಇಳಿದು ವಸಡಿನಲ್ಲಿ ರಕ್ತ ಒಸರುತ್ತದೆ. ಬಿಳಿ ಕಣಗಳ ಎಣಿಕೆ ಲಕ್ಷ ದಾಟಿದ್ದರೂ ಸೋಂಕಿನೊಡನೆ ಸೆಣಸಬಲ್ಲವು ವಿರಳವಾದ್ದರಿಂದ ಜ್ವರ ಮರುಕಳಿಸುತ್ತಲೇ ಇರುತ್ತದೆ.

ಲಿಂಫೋಮಾದ ನೆಲೆ ಹೆಚ್ಚಾಗಿ ದುಗ್ಧಗ್ರಂಥಿಗಳು. ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ವಿವರಿಸಿದ ಬಗೆಗೆ ಅವನದೇ ಹೆಸರು. ಉಳಿದವೆಲ್ಲ ‘ನಾನ್-ಹಾಡ್ಜ್‌ಕಿನ್’ ಎಂಬ ಒಂದೇ ಗುಂಪು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು, ರಾತ್ರಿ ಬೆವರು, ತೂಕ ಇಳಿತ ಲಿಂಫೋಮಾದ ಲಕ್ಷಣ. ಕ್ಷಯದ ಲಕ್ಷಣವೂ ಇವೇ. ಹಾಗಾಗಿ ಭಾರತದಲ್ಲಿ ಎಷ್ಟೋ ರೋಗಿಗಳು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ ಮೇಲೆ ಬಯಾಪ್ಸಿಗೆ ಬರುತ್ತಾರೆ. ಗಂಟುಗಳಲ್ಲಿ ಬಹುಪಾಲು ಸೋಂಕಿನಿಂದಲೇ ಆದವು, ನಿಜ; ಆದರೆ ವಾರಗಳಾದರೂ ಕರಗದ ಗಂಟನ್ನು ಊಹೆಯ ಮೇಲೆ ಬಿಡುವಂತಿಲ್ಲ. ಸೂಜಿ ಚುಚ್ಚಿ ತೆಗೆದ ಕೆಲವು ಕೋಶಗಳು ಹಲವು ವೇಳೆ ಸಾಲವು, ಇಡೀ ಗ್ರಂಥಿಯನ್ನೇ ತೆಗೆದು ನೋಡಬೇಕಾಗುತ್ತದೆ.

ಬಗೆ ಯಾವುದೆಂದು ತಿಳಿಯುವುದರಲ್ಲೇ ಅರ್ಧ ಚಿಕಿತ್ಸೆ ಇದೆ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಇದಕ್ಕೆ ಸಾಕ್ಷಿ. ಅದರ ರೋಗಿಗಳಲ್ಲಿ ಅಸಹಜವಾಗಿ ಗಿಡ್ಡಗಿರುವ ಕ್ರೋಮೋಸೋಮೊಂದು 1960ರಲ್ಲಿ ಫಿಲಡೆಲ್ಫಿಯಾದ ಸಂಶೋಧಕರ ಕಣ್ಣಿಗೆ ಬಿತ್ತು. 9 ಮತ್ತು 22ನೇ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಂಡದ್ದೇ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ 2001ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಿತು. ಒಂದು ಕಾಲಕ್ಕೆ ಕೆಲವೇ ವರ್ಷಗಳಲ್ಲಿ ಜೀವ ತೆಗೆಯುತ್ತಿದ್ದ ಕಾಯಿಲೆ ಈಗ ಬಹುತೇಕರಿಗೆ ಸಕ್ಕರೆ ಕಾಯಿಲೆಯಂತೆ ದಿನಾ ಮಾತ್ರೆ ನುಂಗಿ ಬಾಳುವಂಥದ್ದು. ಈ ಔಷಧದ ಪೇಟೆಂಟ್ ಕೋರಿಕೆಯನ್ನು ಭಾರತದ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಅಗ್ಗದ ಜೆನೆರಿಕ್ ಮಾತ್ರೆಗಳು ಇಲ್ಲಿ ಉಳಿದುಕೊಂಡವು.

ಮಕ್ಕಳಲ್ಲಿ ಹೆಚ್ಚು ಕಾಣುವುದು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮೈನೋಪ್ಟೆರಿನ್ ಕೊಟ್ಟು ಅದನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದ ವರದಿ ಪ್ರಕಟಿಸಿದ. ಆ ಔಷಧ ಬಂದದ್ದು ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಇಂದು ಪೂರ್ಣ ಚಿಕಿತ್ಸೆ ಸಿಕ್ಕರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ತೊಡಕಿರುವುದು ಅವಧಿಯಲ್ಲಿ: ಮೊದಲ ತಿಂಗಳಲ್ಲೇ ರಕ್ತ ಸರಿಹೋದಂತೆ ಕಂಡರೂ ಅವಿತ ಕೋಶಗಳಿಗಾಗಿ ಔಷಧ ಎರಡು-ಮೂರು ವರ್ಷ ನಡೆಯಬೇಕು. ಮರುಕಳಿಸಿದರೆ ಮಜ್ಜೆ ಕಸಿಯ ಮಾತು ಬರುತ್ತದೆ. ಅದಕ್ಕೆ ಒಡಹುಟ್ಟಿದವರೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು.