ಬೃಂದಾವನಕ್ಕೆ ಡಿಸ್ನಿ ಟೋಪಿ!

ಕಟ್ಟೆಯ ಬುಡದಲ್ಲಿ ಯಾವ ಆಟ ಒಪ್ಪೀತು, ಯಾವುದು ಒಪ್ಪದು?

ಮಂಡ್ಯ ಜಿಲ್ಲೆಯ ಬಸ್ಸುಗಳಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ಟಿಕೆಟ್ ಇಲ್ಲದೆ ಓಡಾಡುತ್ತಿದೆ. ಅದು ‘ಡಿಸ್ನಿಲ್ಯಾಂಡ್ ಮಾದರಿ’.

2018ರ ಜುಲೈನಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಬಜೆಟ್ಟಿನಲ್ಲಿ ಕನ್ನಂಬಾಡಿಗೆ ಈ ಮಾತು ಮೊದಲು ಅಂಟಿಕೊಂಡಿತು. ವರ್ಷ ಮುಗಿಯುವುದರೊಳಗೆ 125 ಅಡಿಯ ಕಾವೇರಿ ಪ್ರತಿಮೆಯ ಮಾತೂ ಬಂತು. ಸರ್ಕಾರಗಳು ಬಂದವು, ಹೋದವು, ಮಾತು ಮಾತ್ರ ಸಾಯಲಿಲ್ಲ. 2024ರ ಜುಲೈನಲ್ಲಿ ಬೃಂದಾವನವನ್ನು ವಿಶ್ವದರ್ಜೆಗೆ ಏರಿಸುವ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಖಾಸಗಿಯವರನ್ನೂ ಕೂಡಿಸಿಕೊಂಡು ಮಾಡುವ ಕೆಲಸ. 2025ರಲ್ಲಿ ರೈತ ಸಂಘಟನೆಗಳು ಬೀದಿಗಿಳಿದವು. ಕಟ್ಟೆಯ ಬುಡದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕೂ ಬೇಡ, ಕಾವೇರಿ ಆರತಿಯೂ ಬೇಡ ಎಂದು ಧರಣಿ ಕೂತವು.

ಪರ ಇರುವವರು ‘ದುಡ್ಡು ಬರ್ತದೆ’ ಅನ್ನುತ್ತಾರೆ. ವಿರೋಧ ಇರುವವರು ‘ಕಟ್ಟೆಗೆ ಅಪಾಯ’ ಅನ್ನುತ್ತಾರೆ. ಎರಡರ ನಡುವೆ ಒಂದು ಪ್ರಶ್ನೆ ಯಾರ ಕಿವಿಗೂ ಬೀಳದೆ ಉಳಿದಿದೆ. ಡಿಸ್ನಿಲ್ಯಾಂಡ್ ಮಾದರಿ ಅಂದರೆ ಏನು ಸ್ವಾಮಿ? ಜಾಯಿಂಟ್ ವೀಲ್ ತಂದು ನಿಲ್ಲಿಸಿದರೆ ಡಿಸ್ನಿಲ್ಯಾಂಡ್ ಆಗಿಬಿಡುತ್ತಾ?

ಆಗುವುದಿಲ್ಲ. ಅಲ್ಲಿನ ಆಸಾಮಿ ಮೊದಲು ನೋಡಿದ್ದೇ ಯಾವ ಆಟ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನು.

ಏರಿ ಕಟ್ಟಿದ ಸಿನಿಮಾದವನು

ವಾಲ್ಟ್ ಡಿಸ್ನಿ ಸಿನಿಮಾದವನು. 1955ರ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಅನಹೈಮ್ ಊರಿನಲ್ಲಿ ಕಿತ್ತಳೆ ತೋಟ ಕಡಿದ 160 ಎಕರೆ ಜಾಗದಲ್ಲಿ ಪಾರ್ಕು ತೆರೆದ. ಸುತ್ತಲೂ ನಮ್ಮ ಕೆರೆಗೆ ಹಾಕುವ ಹಾಗೆ ಮಣ್ಣಿನ ಏರಿ ಹಾಕಿಸಿದ. ನೀರು ನಿಲ್ಲಿಸಲಿಕ್ಕಲ್ಲ, ಕಣ್ಣು ನಿಲ್ಲಿಸಲಿಕ್ಕೆ. ಒಳಗೆ ಹೋದವರಿಗೆ ಹೊರಗಿನ ರಸ್ತೆ, ಕರೆಂಟು ಕಂಬ ಯಾವುದೂ ಕಾಣಬಾರದು. ಆ ಏರಿಯ ಮೇಲೆ ರೈಲು ಓಡಿಸಿದ. ಒಳಗೆ ಒಂದು ಮೂಲೆ ಹಳೇ ಅಮೆರಿಕದ ಪೇಟೆ ಬೀದಿ, ಇನ್ನೊಂದು ಮೂಲೆ ಕಾಡು, ಮತ್ತೊಂದು ಮೂಲೆ ಮಕ್ಕಳ ಕಥೆಯ ಕೋಟೆ. ಒಂದೊಂದು ಭಾಗಕ್ಕೂ ಒಂದೊಂದು ಕಥೆ. ಆ ಕಥೆಗೆ ಅವರ ಭಾಷೆಯಲ್ಲಿ ‘ಥೀಮ್’ ಅನ್ನುತ್ತಾರೆ.

1959ರಲ್ಲಿ ಅಲ್ಲಿಗೆ ರೋಲರ್ ಕೋಸ್ಟರ್ ಬಂತು. ಕಂಬಿ ಕಂಬಿಯಾಗಿ ಅಸ್ಥಿಪಂಜರದ ಹಾಗೆ ನಿಲ್ಲುವ ಸಾಮಾನು ಅದು. ಡಿಸ್ನಿ ಅದನ್ನು ಹಾಗೇ ನಿಲ್ಲಿಸಲಿಲ್ಲ. ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಬೆಟ್ಟವನ್ನು ನೂರಕ್ಕೆ ಒಂದರ ಅಳತೆಯಲ್ಲಿ 147 ಅಡಿ ಎತ್ತರಕ್ಕೆ ಕಟ್ಟಿಸಿ, ಕಂಬಿಗಳನ್ನೆಲ್ಲ ಅದರ ಹೊಟ್ಟೆಯೊಳಗೆ ಇಟ್ಟ. ಕೂತವರಿಗೆ ಅದು ಕೋಸ್ಟರ್ ಅಲ್ಲ, ಹಿಮದ ಮೇಲೆ ಜಾರುವ ಬಂಡಿ. ಕೊಳವೆಯಂಥ ಉಕ್ಕಿನ ಹಳಿಯ ಮೇಲೆ ಓಡಿದ ಮೊದಲ ರೋಲರ್ ಕೋಸ್ಟರ್ ಅದೇ. ಯಂತ್ರ ಹೊಸದು, ಆದರೆ ಜನ ಕಂಡದ್ದು ಬೆಟ್ಟವನ್ನು.

ಇದೇ ಹಟ 2006ರಲ್ಲಿ ಫ್ಲೋರಿಡಾದಲ್ಲೂ ಕಂಡಿತು. ಅಲ್ಲಿನ ‘ಅನಿಮಲ್ ಕಿಂಗ್‌ಡಮ್’ ಎಂಬ ಡಿಸ್ನಿ ಪಾರ್ಕಿನಲ್ಲಿ ಹಿಮಾಲಯದ ಬೆಟ್ಟ ಎಬ್ಬಿಸಿದರು. ಎತ್ತರ 199 ಅಡಿ 6 ಅಂಗುಲ. ಇನ್ನರ್ಧ ಅಡಿ ಯಾಕೆ ಬಿಟ್ಟರು? 200 ಅಡಿ ಮುಟ್ಟಿದರೆ ವಿಮಾನದವರಿಗೆ ಕಾಣುವಂತೆ ನೆತ್ತಿಯ ಮೇಲೆ ಕೆಂಪು ದೀಪ ಇಡಬೇಕು ಎಂಬ ಕಟ್ಟಳೆ. ಹಿಮಾಲಯದ ತುದಿಯಲ್ಲಿ ಕೆಂಪು ಬಲ್ಬು ಉರಿದರೆ ಕಥೆ ಕೆಟ್ಟಿತಲ್ಲ! ಬೆಟ್ಟದ ಬುಡದಲ್ಲಿ ಪ್ರಾರ್ಥನೆಯ ಬಾವುಟಗಳ ಹಳ್ಳಿ, ಟೀ ತೋಟದ ಹಳೇ ರೈಲು, ಒಳಗೆ ಹಳಿ ಕಿತ್ತು ನಿಂತ ಯೇತಿ ಎಂಬ ಹಿಮದ ರಾಕ್ಷಸ. ಅಷ್ಟು ದುಡ್ಡು ಸುರಿದ ಆ ಯಂತ್ರದ ರಾಕ್ಷಸ ಮಾತ್ರ ಬೇಗನೆ ಕೈಕಾಲು ಆಡಿಸುವುದನ್ನು ನಿಲ್ಲಿಸಿದ. ವರ್ಷಗಟ್ಟಲೆ ಅವನ ಮೇಲೆ ದೀಪ ಮಿನುಗಿಸಿ ಕುಣಿಯುವ ಹಾಗೆ ತೋರಿಸಿದರು. ರಿಪೇರಿ ಎಂಬ ಪೀಡೆ ಮೈಸೂರಿಗೂ ಒಂದೇ, ಅಮೆರಿಕಕ್ಕೂ ಒಂದೇ.

ಅವರೂ ಮುಗ್ಗರಿಸಿದರು

ಹಾಗಂತ ಡಿಸ್ನಿಯವರೇನು ಸರ್ವಜ್ಞರಲ್ಲ. 2001ರಲ್ಲಿ ಡಿಸ್ನಿಲ್ಯಾಂಡಿನ ಎದುರಿಗೇ, ಕಾರು ನಿಲ್ಲಿಸುತ್ತಿದ್ದ ಬಯಲಿನಲ್ಲಿ, ‘ಕ್ಯಾಲಿಫೋರ್ನಿಯಾ ಅಡ್ವೆಂಚರ್’ ಎಂಬ ಎರಡನೇ ಪಾರ್ಕು ತೆರೆದರು. ಕ್ಯಾಲಿಫೋರ್ನಿಯಾದ ಮಧ್ಯದಲ್ಲೇ ಕ್ಯಾಲಿಫೋರ್ನಿಯಾದ ಕಥೆ! ಮಂಡ್ಯದವರಿಗೆ ಟಿಕೆಟ್ ಕೊಟ್ಟು ಕಬ್ಬಿನ ಗದ್ದೆ ತೋರಿಸಿದ ಹಾಗೆ. ಸಮುದ್ರ ದಂಡೆಯ ಸಂತೆ ಅಂತ ಹೆಸರಿಟ್ಟು ಒಂದು ಚಕ್ರ, ಒಂದು ತೂಗುಕುರ್ಚಿ, ಮೇಲಕ್ಕೆ ಚಿಮ್ಮಿಸುವ ಒಂದು ಗೋಪುರ ನಿಲ್ಲಿಸಿದರು. ಬೇರೆ ಊರಿನ ಪಾರ್ಕುಗಳಲ್ಲೂ ಸಿಗುವ ಸಾಮಾನು, ಮೇಲೆ ಒಂದಿಷ್ಟು ಬಣ್ಣ. ಜನ ನಿರೀಕ್ಷಿಸಿದಷ್ಟು ಬರಲಿಲ್ಲ. 2007ರಲ್ಲಿ ಕಂಪನಿಯೇ 110 ಕೋಟಿ ಡಾಲರ್ ಖರ್ಚಿನ ದುರಸ್ತಿ ಘೋಷಿಸಬೇಕಾಯಿತು. ಚಿಮ್ಮುವ ಗೋಪುರ ಕಿತ್ತರು. 2012ರಲ್ಲಿ ಕಾರುಗಳ ಕಾರ್ಟೂನ್ ಸಿನಿಮಾದ ಊರನ್ನೇ, ಕೆಂಪು ಬಂಡೆ, ಹೆದ್ದಾರಿ ಹೋಟೆಲು ಸಮೇತ 12 ಎಕರೆಯಲ್ಲಿ ಕಟ್ಟಿದರು. ಆಗ ಜನ ಬಂದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ಆದರೆ ಇನ್ನೊಂದು ಮಗ್ಗುಲೂ ಇದೆ. ಅದನ್ನು ಮುಚ್ಚಿಟ್ಟರೆ ಮೋಸವಾದೀತು.

ಫ್ಲೋರಿಡಾದ ಎಪ್‌ಕಾಟ್ ಪಾರ್ಕಿನಲ್ಲಿ ಬೇರೆ ಬೇರೆ ದೇಶಗಳ ಮಂಟಪಗಳಿವೆ. ನಾರ್ವೆ ಮಂಟಪದಲ್ಲಿ 1988ರಿಂದ ಒಂದು ದೋಣಿಯ ಆಟ ಇತ್ತು. ಹಳೇ ಕಾಲದ ನಾವಿಕ ವೀರರು, ಜಾನಪದದ ರಾಕ್ಷಸರು, ಕೊನೆಗೆ ಸಮುದ್ರದಲ್ಲಿ ಎಣ್ಣೆ ತೆಗೆಯುವ ಕಟ್ಟೆ. ಅದು ನಾರ್ವೆಯೇ. 2014ರಲ್ಲಿ ಅದನ್ನು ಮುಚ್ಚಿ, 2016ರಲ್ಲಿ ‘ಫ್ರೋಜನ್’ ಸಿನಿಮಾದ ರಾಜಕುಮಾರಿಯರನ್ನು ಅದೇ ಕಾಲುವೆಯಲ್ಲಿ ಕೂರಿಸಿದರು. ಆ ರಾಜಕುಮಾರಿಯರ ರಾಜ್ಯ ಭೂಪಟದಲ್ಲೇ ಇಲ್ಲ, ಕಲ್ಪನೆಯದು. ಹಳೇ ಅಭಿಮಾನಿಗಳು ಕೂಗಾಡಿದರು. ಮಕ್ಕಳು ಮಾತ್ರ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. 2017ರಲ್ಲಿ ಅತ್ತ ಕ್ಯಾಲಿಫೋರ್ನಿಯಾದ ಪಾರ್ಕಿನಲ್ಲಿ ಹಳೇ ಹಾಲಿವುಡ್ಡಿನ ದೆವ್ವದ ಹೋಟೆಲಾಗಿದ್ದ ಗೋಪುರವನ್ನು ಬಾಹ್ಯಾಕಾಶದ ವೀರರ ಕೋಟೆ ಮಾಡಿದರು. ಹಾಲಿವುಡ್ ಬೀದಿಯ ತಲೆಯ ಮೇಲೆ ಅದು ಕೊಳವೆ ಸುತ್ತಿಕೊಂಡು ನಿಂತಿತು. ಅಲ್ಲೂ ಜಗಳ, ಅಲ್ಲೂ ಜನ.

ಅಂದರೆ ಹೊಂದದ ಆಟವೂ ದುಡ್ಡು ತರುತ್ತದೆ. ಇದನ್ನು ಒಪ್ಪಬೇಕು. ಆದರೆ ನಾರ್ವೆಯನ್ನು ನೋಡಬೇಕಾದವರು ನಿಜವಾದ ನಾರ್ವೆಗೇ ಹೋಗಬಹುದು. ಫ್ಲೋರಿಡಾದ ಮಂಟಪ ಪ್ಲಾಸ್ಟರ್ ಹಾಕಿದ್ದು, ಒಡೆದು ಮತ್ತೆ ಕಟ್ಟಿದರೂ ಯಾರ ಗಂಟೂ ಹೋಗದು. ಬೃಂದಾವನ ಹಾಗಲ್ಲವಲ್ಲ. ಅದು ನಕಲಲ್ಲ, ಅಸಲು.

ಜಾತ್ರೆಯಲ್ಲಿ ಸರಿ, ಇಲ್ಲಿ ಯಾಕೆ ತಪ್ಪು?

ಜಾಯಿಂಟ್ ವೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಡ್ರ್ಯಾಗನ್ ಟ್ರೈನ್. ಇವನ್ನು ಬಯ್ಯುವ ಉದ್ದೇಶ ಯಾರಿಗೂ ಇಲ್ಲ. ಮೈಸೂರಿನ ದಸರಾ ವಸ್ತು ಪ್ರದರ್ಶನದಲ್ಲಿ ಇವು ಇಲ್ಲದಿದ್ದರೆ ಮಕ್ಕಳು ಒಳಗೇ ಕಾಲಿಡರು. ಅಲ್ಲಿ ಅವು ಹೊಂದುತ್ತವೆ. ಜಾತ್ರೆಗೆ ಒಂದೇ ಕಥೆ ಎಂಬುದಿಲ್ಲ. ಬಳೆ, ಹಪ್ಪಳ, ಸಾವಿನ ಬಾವಿ, ದೇವರು ಎಲ್ಲ ಒಟ್ಟಿಗೆ. ಗದ್ದಲವೇ ಅದರ ಅಂದ. ತಿಂಗಳು ಕಳೆದರೆ ಎಲ್ಲ ಬಿಚ್ಚಿ ಲಾರಿಗೆ ಹಾಕಿ ಮುಂದಿನ ಊರಿಗೆ.

ಬಿಡದಿಯ ಹತ್ತಿರ 2005ರಲ್ಲಿ ತೆರೆದ ವಂಡರ್‌ಲಾಗೂ ಇದೇ ನ್ಯಾಯ. ಅಲ್ಲಿ ಇತಿಹಾಸದ ಕಥೆ ಹೇಳುತ್ತೇವೆಂದು ಯಾರೂ ಮಾತು ಕೊಟ್ಟಿಲ್ಲ. ನೀರಿಗೆ ಬೀಳಿ, ಕಿರುಚಿ, ಬಟ್ಟೆ ಒಣಗಿಸಿಕೊಂಡು ಮನೆಗೆ ಹೋಗಿ. ಲೆಕ್ಕ ಚುಕ್ತಾ.

ಬೃಂದಾವನಕ್ಕೆ ಮಾತ್ರ ಆಗಲೇ ಒಂದು ಕಥೆ ಇದೆ. ಬರೆದವರು ಸಣ್ಣ ಕುಳಗಳಲ್ಲ. 1911ರಲ್ಲಿ ಶುರುವಾದ ಕಟ್ಟೆಯನ್ನು ಸಿಮೆಂಟಿಲ್ಲದೆ ಸುಣ್ಣ ಸುರ್ಕಿಯಲ್ಲಿ ಕಟ್ಟಿದರು. ಉದ್ದ ಸುಮಾರು 8,600 ಅಡಿ, ಎತ್ತರ ಸುಮಾರು 130 ಅಡಿ. ಅದರ ಬುಡದ ಬರಡು ಜಾಗದಲ್ಲಿ 1927ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ತೋಟದ ಕೆಲಸ ಹಿಡಿಸಿದರು. ಕಾಶ್ಮೀರದ ಶಾಲಿಮಾರ್ ತೋಟ ಅವರ ಕಣ್ಣಲ್ಲಿತ್ತು. ಗಿಡ ಮರಗಳ ಲೆಕ್ಕ ನೋಡಿದವರು ಜರ್ಮನಿಯ ಕ್ರುಂಬಿಗಲ್. 1932ರ ಹೊತ್ತಿಗೆ 60 ಎಕರೆ ತೋಟ ಸಿದ್ಧ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ಮೆಟ್ಟಿಲಿನ ಹಾಗೇ ಇಳಿಯುವ ನೀರು, ಹಿಂದೆ ಗೋಡೆಯಾಗಿ ಕಟ್ಟೆ, ಆ ಕಟ್ಟೆಯ ಬುಡದಲ್ಲಿ ಕಾವೇರಮ್ಮನ ಮೂರ್ತಿ.

ಅದರ ಥೀಮ್ ಏನು ಅಂತ ಕನ್ಸಲ್ಟೆಂಟ್ ಹುಡುಕಿಕೊಡಬೇಕಾಗಿಲ್ಲ. ನೀರು ಹೇಗೆ ಬಂತು, ಹೇಗೆ ನಿಂತಿತು, ಹೇಗೆ ಇಳಿಯುತ್ತದೆ, ಅಷ್ಟೇ. ಇಡೀ ತೋಟ ಕೂತು ನೋಡುವುದು ಆ ಕಟ್ಟೆಯ ಗೋಡೆಯನ್ನು. ಅದಕ್ಕಿಂತ ಎತ್ತರದ ಚಕ್ರವೊಂದು ಎದ್ದರೆ, ರಾತ್ರಿ ನೀಲಿ ಹಸಿರು ಬಲ್ಬು ಹಾಕಿಕೊಂಡು ತಿರುಗಿದರೆ, ಕಟ್ಟೆ ಅದರ ಹಿಂದಿನ ಕಾಂಪೌಂಡಾಗಿ ಕಾಣುತ್ತದೆ. ಮ್ಯಾಟರ್‌ಹಾರ್ನ್ ಕನ್ನಂಬಾಡಿ ಕಟ್ಟೆಗಿಂತ ಎತ್ತರ ಎಂಬುದನ್ನು ನೆನಪಿಡಿ. ಡಿಸ್ನಿ ಏರಿ ಕಟ್ಟಿ ಹೊರಗಿನದನ್ನು ಮರೆಸಿದ. ಇಲ್ಲಿ ನೋಡಬೇಕಾದ್ದೇ ಏರಿ. ಅದನ್ನು ಮರೆಸಿದರೆ ಉಳಿಯುವುದೇನು?

ಹಾಗಾದರೆ ಆಟವೇ ಬೇಡವೇ? ಬೇಡ ಅಂದವರು ಯಾರು. ದೋಣಿ ಆಗಲೇ ಇದೆ, ಹೊಂದುತ್ತದೆ. ಸಂಗೀತದ ಕಾರಂಜಿ ಇದೆ, ಅದೂ ನೀರಿನ ಕುಣಿತವೇ. ಇನ್ನೂ ಬೇಕಾದರೆ ಕಥೆ ಇಲ್ಲೇ ಬಿದ್ದಿದೆ. ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗದಲ್ಲಿ ಬೆಟ್ಟದ ಹೊಟ್ಟೆ ಸೀಳಿಕೊಂಡು ಮಂಡ್ಯ, ಮದ್ದೂರು ಕಡೆಗೆ ಹೋಗುತ್ತದೆ. ಆ ಸುರಂಗದ ನಕಲೊಂದರಲ್ಲಿ ಮಕ್ಕಳನ್ನು ದೋಣಿಯಲ್ಲಿ ಕೂರಿಸಿ, ಕತ್ತಲು ದಾಟಿಸಿ, ಭತ್ತದ ಗದ್ದೆಗೋ ಆಲೆಮನೆಯ ಬೆಲ್ಲದ ಘಮಕ್ಕೋ ಇಳಿಸಬಹುದು. ತೂಬಿನ ಬಾಗಿಲು ತಂತಾನೇ ಏಳುವ ವಿಶ್ವೇಶ್ವರಯ್ಯನವರ ಜಾಣ್ಮೆಯನ್ನು ಮಕ್ಕಳೇ ಕೈಯಾರೆ ಆಡಿಸಿ ನೋಡುವ ಆಟ ಮಾಡಬಹುದು. ಎತ್ತರ ಬೇಕಿಲ್ಲ, ಗಡಗಡ ಸದ್ದು ಬೇಕಿಲ್ಲ.

ಸದ್ದಿನ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿ, ಸ್ಫೋಟ ಬೇಡ ಎಂದಿತು. ಕಲ್ಲು ಒಡೆಯುವುದಕ್ಕೂ ಆಟದ ಚಕ್ರಕ್ಕೂ ಹೋಲಿಕೆಯಿಲ್ಲ, ನಿಜ. ಆದರೂ ದೊಡ್ಡ ಆಟಕ್ಕೆ ಆಳದ ಪಾಯ ಬೇಕು, ಸಾವಿರಾರು ಕಾರುಗಳಿಗೆ ಕಾಂಕ್ರೀಟ್ ಬಯಲು ಬೇಕು. ಸುರ್ಕಿಯ ಹಳೇ ಕಟ್ಟೆಯ ಕಾಲ ಬಳಿ ಅದನ್ನೆಲ್ಲ ಅಗೆಯುವ ಮೊದಲು ಎಂಜಿನಿಯರುಗಳ ವರದಿಯನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೊರಗಿಡಲಿ ಎಂದು ರೈತರು ಕೇಳಿದರೆ ಅದು ಅಭಿವೃದ್ಧಿಯ ವಿರೋಧವಲ್ಲ.

ಅಂಗಡಿಯವರು ಓದಬೇಕಾದ ಪುಟ

ಮಾದರಿ ಎಂಬ ಮಾತಿನಲ್ಲಿ ಕೆ.ಆರ್.ಎಸ್.ನ ಅಂಗಡಿಯವರಿಗೆ ಸಂಬಂಧಿಸಿದ ಒಂದು ಗುಟ್ಟು ಇದೆ. ಅನಹೈಮಿನಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲೆ ಅದರ ಬೇಲಿಯ ಸುತ್ತ ಯಾರ‍್ಯಾರೋ ಹೋಟೆಲು, ಲಾಡ್ಜು, ಅಂಗಡಿ ತೆರೆದು ದುಡ್ಡು ಮಾಡಿಕೊಂಡರು. ಆ ಸಂತೆ ತನ್ನ ಕಥೆಗೆ ಹೊಂದುವುದಿಲ್ಲ ಎಂದು ವಾಲ್ಟ್ ಡಿಸ್ನಿಗೆ ಸಿಟ್ಟು. ತನ್ನ ಪಾಲು ಹೊರಗೆ ಹೋಯಿತೆಂಬ ಸಂಕಟವೂ ಇತ್ತೆನ್ನಿ. ಮುಂದಿನ ಸಲ ಆ ತಪ್ಪು ಮಾಡಲಿಲ್ಲ. ಫ್ಲೋರಿಡಾದಲ್ಲಿ ಬೇನಾಮಿ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಸುಮಾರು 27,000 ಎಕರೆ ಕೊಂಡರು. ಅವನು ಸತ್ತ ಮೇಲೆ 1971ರಲ್ಲಿ ಅದು ತೆರೆಯಿತು. ಒಳಗಿನ ಆಟವೂ ಅವರದೇ, ಊಟವೂ ಅವರದೇ, ಮಂಚವೂ ಅವರದೇ.

ಈಗ ಮೈಸೂರಿನಿಂದ ಬಸ್ಸು ಹತ್ತಿದವರು ಸಂಜೆಗೆ ಬಂದು, ಕಾರಂಜಿ ಮುಗಿದ ಕೂಡಲೇ ಓಡುತ್ತಾರೆ. ಆ ಎರಡು ಮೂರು ಗಂಟೆಯೇ ಕಡಲೆಕಾಯಿಯವರ, ಚುರುಮುರಿಯವರ, ಮೀನು ಹುರಿಯುವವರ ದಿನದ ಸಂಪಾದನೆ. ದಿನವಿಡೀ ಆಡಿಸುವ ಪಾರ್ಕು ಬಂದರೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ, ವ್ಯಾಪಾರ ಹೆಚ್ಚುತ್ತದೆ ಎಂದು ಅವರಲ್ಲಿ ಹಲವರಿಗೆ ಆಸೆ ಇದ್ದರೆ ತಪ್ಪೇನಲ್ಲ. ಆದರೆ ಸಾವಿರಗಟ್ಟಲೆ ಕೋಟಿ ಹಾಕುವ ಖಾಸಗಿಯವರು ಚುರುಮುರಿಯನ್ನು ಗೇಟಿನ ಹೊರಗೆ ಬಿಡುತ್ತಾರೆಯೇ? ಹೊರಗಿನ ತಿಂಡಿ ಒಳಗೆ ತರಬಾರದು ಎಂಬ ಬೋರ್ಡು ಮೊದಲ ದಿನವೇ ಬೀಳುವುದಿಲ್ಲವೇ?

ಆದ್ದರಿಂದ ಒಪ್ಪಂದದ ಕಾಗದ ಟೈಪಾಗುವ ಮೊದಲೇ ಕೇಳಬೇಕಾದ್ದಿದೆ. ಕಟ್ಟೆಗಿಂತ ಎತ್ತರದ್ದು ಯಾವುದೂ ಏಳಕೂಡದು ಎಂಬ ಸಾಲು ಅದರಲ್ಲಿ ಇದೆಯೇ? ಈಗಿನ ಮೆಟ್ಟಿಲು ತೋಟದ 60 ಎಕರೆಯನ್ನು ಮುಟ್ಟದೆ ಬಿಡುವ ಸಾಲು ಇದೆಯೇ? ಒಳಗಿನ ಮಳಿಗೆಗಳಲ್ಲಿ ಈಗ ಹೊರಗೆ ತಟ್ಟಿ ಅಂಗಡಿ ಇಟ್ಟಿರುವವರಿಗೆ ಮೊದಲ ಪಾಲು, ಅದೂ ಅವರು ಕಟ್ಟಬಲ್ಲ ಬಾಡಿಗೆಗೆ, ಎಂಬ ಸಾಲು ಇದೆಯೇ? ಬಸ್ಸಿನಲ್ಲಿ ಬರುವ ಸಂಸಾರವೊಂದು ತಲೆಗೆ ಎಷ್ಟು ಕೊಟ್ಟರೆ ಕಾವೇರಮ್ಮನ ಮೂರ್ತಿಯ ತನಕ ನಡೆದು ಬರಬಹುದು ಎಂಬುದನ್ನು ಎಲ್ಲಾದರೂ ಬರೆದಿದ್ದಾರೆಯೇ?