ರಾಸ್ಪ್‌ಬೆರಿ ಪೈ ಏಳುತ್ತಿಲ್ಲವೇ? ಬೋರ್ಡ್ ಎಸೆಯುವ ಮುನ್ನ ಕಾರ್ಡ್ ನೋಡಿ

ಶಿವಮೊಗ್ಗ: ನಿನ್ನೆ ಸಂಜೆಯವರೆಗೆ ಸರಿಯಾಗಿಯೇ ಇದ್ದ ರಾಸ್ಪ್‌ಬೆರಿ ಪೈ ಬೆಳಿಗ್ಗೆ ಸ್ವಿಚ್ ಹಾಕಿದರೆ ಏಳುವುದೇ ಇಲ್ಲ, ಪರದೆ ಕಪ್ಪು. ನಾಳೆಯೇ ಪ್ರಾಜೆಕ್ಟ್ ತೋರಿಸಬೇಕಾದ ವಿದ್ಯಾರ್ಥಿಯ ಪಾಡು ಹೇಳತೀರದು. ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜಿರಲಿ, ಭದ್ರಾವತಿಯ ಪಾಲಿಟೆಕ್ನಿಕ್ ಇರಲಿ, ಆಗ ಮೊದಲು ಹೊರಡುವ ಮಾತು 'ಬೋರ್ಡ್ ಸುಟ್ಟಿದೆ' ಎಂಬುದು. ಆದರೆ ಅನೇಕ ವೇಳೆ ಬೋರ್ಡ್ ನಿರಪರಾಧಿ. ದೋಷವಿರುವುದು ಮೆಮೊರಿ ಕಾರ್ಡ್ ಅಥವಾ ಚಾರ್ಜರ್‌ನಲ್ಲಿ.

2012ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಈ ಪುಟ್ಟ ಕಂಪ್ಯೂಟರ್‌ಗೆ ಹಾರ್ಡ್ ಡಿಸ್ಕ್ ಇಲ್ಲ. ಲಿನಕ್ಸ್ ಹಾಗೂ ನಮ್ಮ ಕಡತಗಳೆಲ್ಲವೂ ಸಾಮಾನ್ಯವಾಗಿ ಕಾರ್ಡಿನಲ್ಲೇ ಇರುತ್ತವೆ. ಕಾರ್ಡ್ ಕೆಟ್ಟರೆ ಯಂತ್ರವೇ ಕೆಟ್ಟಂತೆ ತೋರುವುದು ಇದೇ ಕಾರಣಕ್ಕೆ.

ದೀಪಗಳ ಭಾಷೆ

ಪೈ 3 ಮತ್ತು ಪೈ 4 ಮಾದರಿಗಳಲ್ಲಿ ಎರಡು ದೀಪಗಳಿವೆ. ಕೆಂಪು ದೀಪ ವಿದ್ಯುತ್ತಿನದು. ಅದು ಆಗಾಗ ಆರುತ್ತಿದ್ದರೆ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿಯುತ್ತಿದೆ ಎಂದರ್ಥ. ಪೈ 3ಕ್ಕೆ 5 ವೋಲ್ಟ್, 2.5 ಆಂಪಿಯರ್, ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಮತ್ತು ಸಪೂರ ಕೇಬಲ್ ಇದಕ್ಕೆ ಸಾಲದು.

ಹಸಿರು ದೀಪ ಕಾರ್ಡಿನ ಚಟುವಟಿಕೆಯನ್ನು ತಿಳಿಸುತ್ತದೆ. ಅದು ನಾಲ್ಕು ಬಾರಿ ಮಿನುಗಿ ನಿಂತು ಮತ್ತೆ ಹಾಗೆಯೇ ಮಿನುಗಿದರೆ ಆರಂಭದ ಕಡತ ಸಿಕ್ಕಿಲ್ಲ. ಏಳು ಬಾರಿಯಾದರೆ ಲಿನಕ್ಸ್‌ನ ಕರ್ನಲ್ ಸಿಕ್ಕಿಲ್ಲ. ಎರಡೂ ಸಂದರ್ಭದಲ್ಲಿ ಬೋರ್ಡ್ ಜೀವಂತವಾಗಿಯೇ ಇದೆ. ಪೈ 4ರಲ್ಲಿ ದೀಪಗಳು ಸರಿಯಿದ್ದೂ ಪರದೆ ಕಪ್ಪಾಗಿದ್ದರೆ, ಪವರ್ ಕಿಂಡಿಗೆ ಹತ್ತಿರವಿರುವ ಎಚ್‌ಡಿಎಂಐ ಕಿಂಡಿಗೆ ಕೇಬಲ್ ಬದಲಿಸಿ ನೋಡಬೇಕು.

'ಫಾರ್ಮ್ಯಾಟ್' ಒತ್ತಬೇಡಿ

ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದೊಡನೆ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?' ಎಂಬ ಪ್ರಶ್ನೆ ಬರಬಹುದು. ಗಾಬರಿಯಲ್ಲಿ 'ಹೌದು' ಎಂದವರು ತಿಂಗಳುಗಳ ಕೆಲಸ ಕಳೆದುಕೊಂಡಾರು. ಕಾರ್ಡಿನ ಎರಡನೇ ಭಾಗ ಲಿನಕ್ಸ್ ವಿಧಾನದಲ್ಲಿರುವುದರಿಂದ ವಿಂಡೋಸ್ ಅದನ್ನು ಓದಲಾರದು, ಅಷ್ಟೇ. ಕಾರ್ಡ್ ಕೆಟ್ಟಿದೆಯೆಂದು ಅದರ ಅರ್ಥವಲ್ಲ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಮೊದಲು ಇಡೀ ಕಾರ್ಡಿನ ಪ್ರತಿ ತೆಗೆದಿಟ್ಟು, ಬಳಿಕ 'ಎಫ್‌ಎಸ್‌ಸಿಕೆ' ಆದೇಶದಿಂದ ದುರಸ್ತಿಗೆ ಪ್ರಯತ್ನಿಸುವುದು ಕ್ಷೇಮ.

ಮುಂದಿನ ಹೆಜ್ಜೆ ಇನ್ನೊಂದು ಕಾರ್ಡಿನ ಪರೀಕ್ಷೆ. ಇಳಿಸಿಕೊಂಡ ಇಮೇಜ್ ಕಡತವನ್ನು ಕಾರ್ಡಿಗೆ ಸುಮ್ಮನೆ ನಕಲು ಮಾಡಿದರೆ ಪ್ರಯೋಜನವಿಲ್ಲ; 2020ರಲ್ಲಿ ಬಂದ ರಾಸ್ಪ್‌ಬೆರಿ ಪೈ ಇಮೇಜರ್‌ನಂತಹ ತಂತ್ರಾಂಶದಿಂದ ಬರೆಯಬೇಕು. ಹೊಸ ಬೋರ್ಡಿಗೆ ಹಳೆಯ ಇಮೇಜ್ ಕೂಡದು. 2023ರ ಪೈ 5ಕ್ಕೆ 'ಬುಕ್‌ವರ್ಮ್' ಅಥವಾ ನಂತರದ ಆವೃತ್ತಿಯೇ ಬೇಕು. ಹೊಸ ಕಾರ್ಡೂ ಏಳದಿದ್ದರೆ, ಪೈ 4 ಮತ್ತು ಪೈ 5ರಲ್ಲಿ ಬೋರ್ಡಿನೊಳಗಿನ ಬೂಟ್‌ಲೋಡರ್ ಸರಿಪಡಿಸುವ ಇಮೇಜನ್ನೂ ಇದೇ ತಂತ್ರಾಂಶದಿಂದ ಬರೆಯಬಹುದು. ಅದು ಯಶಸ್ವಿಯಾದರೆ ಪರದೆ ಪೂರ್ತಿ ಹಸಿರಾಗುತ್ತದೆ. ಇಷ್ಟಾದ ಮೇಲೂ ಏಳದಿದ್ದರೆ ಮಾತ್ರ ಬೋರ್ಡನ್ನು ಶಂಕಿಸಬೇಕು.

ಮಳೆಗಾಲದ ಎಚ್ಚರ

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಕಾರ್ಡಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಕೈಕೊಟ್ಟರೆ ಕಡತಗಳು ಕೆಡುತ್ತವೆ. ತೋಟದಲ್ಲೋ ಪ್ರಯೋಗಾಲಯದಲ್ಲೋ ಹಗಲಿರುಳು ನಡೆಯುವ ಬೋರ್ಡಿಗೆ ಸಣ್ಣದೊಂದು ಯುಪಿಎಸ್ ಇರುವುದು ಒಳಿತು. ನಿಲ್ಲಿಸುವಾಗ ಶಟ್‌ಡೌನ್ ಆದೇಶ ಕೊಟ್ಟು, ಹಸಿರು ದೀಪದ ಮಿನುಗು ನಿಂತ ಬಳಿಕವೇ ಪ್ಲಗ್ ಕೀಳಬೇಕು.

ಅಗ್ಗಕ್ಕೆ ಸಿಗುವ ನಕಲಿ ಕಾರ್ಡುಗಳ ಬಗ್ಗೆಯೂ ಜಾಗ್ರತೆ ಅಗತ್ಯ. ಮೇಲೆ 64 ಜಿಬಿ ಎಂದಿದ್ದರೂ ಒಳಗೆ ಅದಕ್ಕಿಂತ ಕಡಿಮೆ ಇರಬಹುದು. ಖಾಲಿ ಕಾರ್ಡನ್ನು 'ಎಫ್3' ಅಥವಾ 'ಎಚ್2ಟೆಸ್ಟ್‌ಡಬ್ಲ್ಯೂ' ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿದರೆ ನಿಜ ಬಯಲಾಗುತ್ತದೆ. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲಿ. ಕಾರ್ಡನ್ನು ಅಂಗಡಿಯಿಂದ ಮತ್ತೆ ತರಬಹುದು, ಆರು ತಿಂಗಳ ಕೆಲಸವನ್ನು ತರಲಾಗದು.